ಬೆಸುಗೆ ಹಾಕಿದ ಕೊಂಡಿಗಳು

ಓದಿಗೆಂದು ದೇಶ ಬಿಟ್ಟಾಗ ಅವಳ ಗುರಿಯಲ್ಲಿ ಗೊಂದಲವೇ ಇರಲಿಲ್ಲ. ಲೋಹಗಳ ಶಾಸ್ತ್ರ ಕಲಿತು ಹಿಂದಿರುಗುವುದು, ಅಣ್ಣನ ವರ್ಕ್‌ಷಾಪಿನಲ್ಲಿ ಪಾಲುದಾರಳಾಗುವುದು. ಅಣ್ಣನದು ಕ್ರೇನ್ ಕೊಂಡಿಗಳ ರಿಪೇರಿ. ಭಾರ ಎತ್ತಿ ಎತ್ತಿ ಬಾಯಿ ಬಿಟ್ಟುಕೊಂಡ ಕೊಂಡಿಯನ್ನು ಅವನು ಕೆಂಪಗೆ ಕಾಯಿಸಿ, ಬಡಿದು ಬಗ್ಗಿಸಿ, ಬಿರುಕಿಗೆ ಬೆಸುಗೆ ತುಂಬಿ, ನುಣ್ಣಗೆ ಉಜ್ಜುತ್ತಿದ್ದ. ಮೇಲೆ ಹಳದಿ ಬಣ್ಣ ಬಳಿಯುವುದು ಚಿಕ್ಕಂದಿನಿಂದಲೂ ತಂಗಿಯ ಕೆಲಸ. ಅಪ್ಪನಿಲ್ಲದ ಮನೆಯನ್ನು ನಡೆಸಿದ್ದೂ, ಅವಳನ್ನು ವಿಮಾನ ಹತ್ತಿಸಿದ್ದೂ ಆ ಕೊಂಡಿಗಳೇ.

"ಬೇಗ ಕಲ್ತು ಬಾರೇ ಇಂಜಿನಿಯರಮ್ಮ," ಎಂದಿದ್ದ ಅಣ್ಣ. "ಬೋರ್ಡಲ್ಲಿ ನಿನ್ನ ಹೆಸರಿಗೆ ಜಾಗ ಬಿಟ್ಟಿದ್ದೀನಿ. ಜಾಸ್ತಿ ಡಿಗ್ರಿ ತಗೊಂಡು ಹೆಸರು ಉದ್ದ ಮಾಡ್ಕೋಬೇಡ, ಬೋರ್ಡಲ್ಲಿ ಹಿಡಿಯಲ್ಲ."

ಪರದೇಶದ ಪ್ರಯೋಗಾಲಯದಲ್ಲಿ ದಪ್ಪ ಗಾಜಿನ ಹಿಂದೆ ಒಂದು ಯಂತ್ರವಿತ್ತು. ಹಿಡಿದ ವಸ್ತುವನ್ನು ಎಳೆಯುವುದು, ಬಿಡುವುದು, ಮತ್ತೆ ಎಳೆಯುವುದು, ಮುರಿಯುವ ತನಕ. ಪ್ರಬಂಧಕ್ಕೆ ರಿಪೇರಿಯಾದ ಕೊಂಡಿಗಳನ್ನೇ ವಿಷಯವಾಗಿ ಆರಿಸಿಕೊಂಡವಳು ಅವಳೇ. ಅಣ್ಣನ ಕೈಗುಣವನ್ನು ಅಂಕಿಗಳಲ್ಲಿ ತೋರಿಸುವ ಹಂಬಲ. ಅಣ್ಣನೂ ಉಬ್ಬಿಹೋಗಿ ತನ್ನ ಕೈಯ ಅತ್ಯುತ್ತಮ ಕೊಂಡಿಯನ್ನು ಕಳಿಸಿದ.

ಹೊಸ ಕೊಂಡಿ ಬಾಳುವುದರ ಕಾಲುಭಾಗವೂ ಅದು ಬಾಳಲಿಲ್ಲ. ಬೆಸುಗೆಯ ಅಂಚಿನಲ್ಲಿ ಮುರಿಯಿತು. ಮುರಿದ ಮುಖದ ಮೇಲೆ, ಅಲೆ ಸರಿದ ಮರಳಿನಲ್ಲಿ ಉಳಿಯುವಂಥ ಗೆರೆಗಳಿದ್ದವು. ಬಿರುಕು ಒಳಗೊಳಗೇ ಹೆಜ್ಜೆಯಿಡುತ್ತ ಬಂದಿದ್ದ ದಾರಿ ಅದು.

"ಒಂದೇ ಕೊಂಡಿಯಿಂದ ಏನೂ ಸಾಬೀತಾಗಲ್ಲ," ಎಂದರು ಪ್ರಾಧ್ಯಾಪಕರು. ಆ ಮಾತನ್ನು ಅವಳು ಹುಲ್ಲುಕಡ್ಡಿಯಂತೆ ಹಿಡಿದುಕೊಂಡಳು. ಇನ್ನಷ್ಟು ತರಿಸಿದಳು. ಯಂತ್ರದ ಹಿಡಿತ ಬದಲಿಸಿದಳು, ಮಾಪಕಗಳನ್ನು ಬಿಚ್ಚಿ ಜೋಡಿಸಿದಳು. ತನ್ನ ಪ್ರಯೋಗವೇ ತಪ್ಪಾಗಲಿ ಎಂದು ಅವಳು ಹಾರೈಸಿದ್ದು ಅದೇ ಮೊದಲು. ಕೊಂಡಿಗಳೆಲ್ಲವೂ ಅದೇ ಅಂಚಿನಲ್ಲಿ ಮುರಿದವು.

"ಗಾಜಿಗೆ ಹಣೆ ಒತ್ಕೊಂಡು ನಿಂತ್ರೆ ಏನ್ ಬಂತಮ್ಮ?" ಎಂದ ಪ್ರಯೋಗಾಲಯದ ಸಹಾಯಕ. "ಬೇಡ್ಕೊಂಡ್ರೆ ಕರಗೋಕೆ ಅದೇನು ನಿನ್ನ ಅಜ್ಜೀನಾ?"

ಅವಳು ಅಣ್ಣನಿಗೆ ಫೋನ್ ಮಾಡಿದಳು. ಊರಿನಲ್ಲಿ ಕ್ರೇನಿನಿಂದ ಕಲ್ಲುದಿಮ್ಮಿ ಎತ್ತುವ ಯಾರ್ಡಿಗೆ ಕೊಟ್ಟ ಕೊಂಡಿಗಳನ್ನೆಲ್ಲ ವಾಪಸು ತರಿಸು ಎಂದಳು.

"ಇಷ್ಟು ವರ್ಷದಲ್ಲಿ ಒಬ್ಬನಾದ್ರೂ ದೂರು ತಂದಿದ್ದಾನಾ?"

"ಕೆಳಗೆ ಸಿಕ್ಕಿಹಾಕ್ಕೊಂಡೋನು ಎದ್ದು ಬಂದು ದೂರು ಕೊಡ್ತಾನಾ, ಅಣ್ಣ?"

"ಓಹೋ! ನನ್ನ ಅನ್ನ ತಿಂದು ನನಗೇ ಪಾಠ!" ಫೋನು ಕಟ್ಟಾಯಿತು.

ತವರೂರಿನ ಕ್ರೇನ್ ತಪಾಸಣಾ ಕಚೇರಿಯಲ್ಲಿ ಫೋನೆತ್ತಿದವನು, "ಏನಾದ್ರೂ ಬಿದ್ದಿದ್ಯಾ? ಇಲ್ವಾ? ಹಾಗಾದ್ರೆ ಬಿದ್ಮೇಲೆ ಹೇಳಿ," ಎಂದು ಇಟ್ಟುಬಿಟ್ಟ. ಕೊನೆಗೆ ಅವಳು ಯಾರ್ಡಿನ ಯಜಮಾನನಿಗೇ ಎಲ್ಲವನ್ನೂ ತಿಳಿಸಿದಳು. ಅವನು ಅಣ್ಣನನ್ನು ಕರೆಸಿದ. ಅಣ್ಣ ಬಂದವನೇ ತಂಗಿಗೆ ಫೋನ್ ಹಚ್ಚಿದ.

"ಕೇಳಿಸ್ಕೋ. ನಿಮ್ಮಣ್ಣ ಈಗ ಕಲ್ಲಿನ ಕೆಳಗೆ ನಿಂತಿದ್ದಾನೆ. ಎತ್ರೋ!"

"ಬೇಡ ಅಣ್ಣ, ನಿನ್ನ ಕಾಲಿಗೆ ಬೀಳ್ತೀನಿ, ಈಚೆ ಬಾ!"

ಮೋಟಾರು ಗುರುಗುಟ್ಟಿತು, ಸರಪಳಿ ಬಿಗಿದ ಸದ್ದಾಯಿತು. ವಿಶ್ವವಿದ್ಯಾಲಯದ ಮೆಟ್ಟಿಲ ಮೇಲೆ ಅವಳು ಫೋನನ್ನು ಕಿವಿಗೆ ಒತ್ತಿಕೊಂಡಳು. ಆಮೇಲೆ ಕೇಳಿದ್ದು ಚಪ್ಪಾಳೆ, ಯಜಮಾನನ ನಗು. ಕೊಂಡಿ ತಡೆದಿತ್ತು. ಒಂದು ಸಲ ತಡೆದದ್ದು ಮುಂದಿನ ಸಲಕ್ಕೆ ಸಾಕ್ಷಿಯಲ್ಲ ಎಂಬುದನ್ನು ಆ ಚಪ್ಪಾಳೆಗೆ ತಿಳಿಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಅಣ್ಣ ಬದುಕಿದ್ದಾನೆಂಬ ಸಮಾಧಾನವೂ, ಇನ್ನು ತನ್ನನ್ನು ಯಾರೂ ನಂಬುವುದಿಲ್ಲವೆಂಬ ಹತಾಶೆಯೂ ಒಂದೇ ಉಸಿರಿನಲ್ಲಿ ಅವಳೊಳಗೆ ಇಳಿದವು.

ಹೆಸರಾಂತ ವಿನ್ಯಾಸ ಸಂಸ್ಥೆಯೊಂದಕ್ಕೆ ಶಿಫಾರಸು ಮಾಡುತ್ತೇನೆಂದು ಪ್ರಾಧ್ಯಾಪಕರು ಕರೆದಾಗ ಅವಳು ಬೇಡವೆಂದು ತಲೆಯಾಡಿಸಿದಳು. "ನಾನು ಊರಿಗೆ ಹೋಗಿ ಕ್ರೇನ್ ಇನ್ಸ್‌ಪೆಕ್ಟರ್ ಆಗ್ಬೇಕು ಸರ್. ಯಾರನ್ನೂ ಕೇಳದೆ ಕ್ರೇನಿಂದ ಕೊಂಡಿ ಬಿಚ್ಚಿಸೋ ಅಧಿಕಾರ ಇರೋದು ಅವರೊಬ್ಬರಿಗೇ." ಆದರೆ ಓದು ಮುಗಿಯದೆ ಆ ಹುದ್ದೆ ಸಿಗುವಂತಿರಲಿಲ್ಲ. ಓದು ಮುಗಿಯಲು ಇನ್ನೂ ಬಹಳವಿತ್ತು, ಕೊಂಡಿಗಳಿಗೆ ಅಷ್ಟು ಆಯಸ್ಸಿರಲಿಲ್ಲ.

ಒಂದು ಮಧ್ಯಾಹ್ನ ಅತ್ತಿಗೆಯ ಫೋನ್ ಬಂತು. "ವ್ಯಾಪಾರ ಜೋರಾಗಿದೆ ಕಣೇ," ಎಂದಳು. ದನಿಯಲ್ಲಿ ಜೋರಿರಲಿಲ್ಲ. "ಬರೋ ಗಿರಾಕಿಗಳೆಲ್ಲ 'ನಮಗೂ ನಿಂತು ತೋರಿಸಿ' ಅಂತಾರೆ. ನಿಮ್ಮಣ್ಣ ನಿಲ್ತಾರೆ. ಇವತ್ತು ಬೆಳಿಗ್ಗೆನೂ ನಿಂತ್ರು."

ಪ್ರಯೋಗಾಲಯದಲ್ಲಿದ್ದ ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. ಅತ್ತಿಗೆ ಬಿಡಲಿಲ್ಲ.

"ನೀನು ಹೇಳೋಕೆ ಮುಂಚೆ ಅವರು ಒಂದು ದಿನಾನೂ ಕೆಳಗೆ ನಿಂತೋರಲ್ಲ. ನಿನ್ನ ಮೇಲಿನ ಹಟ ಅದು. ತಪ್ಪಾಯ್ತು, ಲೆಕ್ಕ ತಪ್ಪಿತ್ತು ಅಂತ ಒಂದು ಮಾತು ಹೇಳ್ಬಿಡು. ಸುಳ್ಳಾದ್ರೂ ಪರವಾಗಿಲ್ಲ. ಅವರು ಅಲ್ಲಿಂದ ಈಚೆ ಬರ್ತಾರೆ."

"ಅವನು ಈಚೆ ಬಂದ್ರೆ ಯಾರ್ಡಿನೋರು ಬರ್ತಾರಾ, ಅತ್ತಿಗೆ?"

"ಯಾರ್ಡಿನೋರು ನನ್ನ ಗಂಡಂದಿರಲ್ಲ ಕಣೇ!" ಎಂದು ಅತ್ತಿಗೆ ಕಿರುಚಿ, ಅಳಲಾರಂಭಿಸಿದಳು.

ಒಂದು ಸುಳ್ಳಿಗೆ ಅಣ್ಣನ ಜೀವ. ತುಟಿಯವರೆಗೂ ಬಂದ ಆ ಸುಳ್ಳನ್ನು ಹೇಳಲು ಅವಳು ನಿಜಕ್ಕೂ ಬಾಯಿ ತೆರೆದಳು. ಎದುರಿಗೆ, ಗಾಜಿನಾಚೆ ಯಂತ್ರ ಎಳೆಯುತ್ತಿತ್ತು, ಬಿಡುತ್ತಿತ್ತು, ಮತ್ತೆ ಎಳೆಯುತ್ತಿತ್ತು.

"ಅದು ಮುರಿಯುತ್ತೆ, ಅತ್ತಿಗೆ," ಎಂದಳು. "ಅಣ್ಣನಿಗೆ ಫೋನ್ ಕೊಡಿ."

"ಅವರು ಬರಲ್ಲ," ಎಂದಳು ಅತ್ತಿಗೆ. "ಗಿರಾಕಿ ಬಂದಿದ್ದಾನೆ."