ಕೂಗಿನ ಬಾಲದಲ್ಲಿದ್ದ ನವಿಲು

ನೀವು ಆಟದ ರೈಲಿಗೆ ಕೂಗು ಕೂರಿಸಿದವರಲ್ಲ ಎಂದುಕೊಂಡೇ ಹೇಳುತ್ತೇನೆ. ಗೇಣುದ್ದದ ಎಂಜಿನ್ನು, ಅದರ ಹೊಟ್ಟೆಯೊಳಗೆ ಸದ್ದು ತುಂಬಿಡುವ ಉಗುರಿನಷ್ಟು ಎಲೆಕ್ಟ್ರಾನಿಕ್ ಚಿಪ್. ಹಳಿಯಲ್ಲಿ ಹರಿಯುವ ಕರೆಂಟಿನ ಜೊತೆಗೇ ನಮ್ಮ ಅಪ್ಪಣೆಯೂ ಹೋಗಿ ಅದಕ್ಕೆ ಮುಟ್ಟುತ್ತದೆ. ಕೂಗು ನಿಜದ ರೈಲಿನಂತಿರಬೇಕಾದರೆ ಅದನ್ನು ಮೂರು ತುಂಡು ಮಾಡಬೇಕು: ಶುರುವಿನ ಉಸಿರು, ಗುಂಡಿ ಒತ್ತಿಹಿಡಿದಷ್ಟು ಹೊತ್ತು ಎಳೆಯುವ ನಡು, ಬಿಟ್ಟಾಗ ಸಣ್ಣಗಾಗುವ ಬಾಲ. ಗುಂಡ್ಲುಪೇಟೆಗೆ ರೈಲೇ ಇಲ್ಲ, ಹಾಗಾಗಿ ಈ ವಿಷಯದಲ್ಲಿ ಇಲ್ಲಿ ನಾನೇ ದೊಡ್ಡ ಪಂಡಿತ.

ಹೋದ ಭಾನುವಾರ ಹಳೇ ಮೊಬೈಲಿನ ಮೆಮೊರಿ ಕಾರ್ಡಿನಲ್ಲಿ ಸಿಕ್ಕಿದ ಕೂಗೊಂದನ್ನು ಹೀಗೆ ಕತ್ತರಿಸುತ್ತಿದ್ದೆ. ಬಾಲದ ತುಂಡಿನಲ್ಲಿ, ಸದ್ದು ಅಡಗುವ ಹೊತ್ತಿಗೆ, ಒಂದು ನವಿಲು ಕೂಗಿತು. ಹಿಂದಕ್ಕೆ ಸರಿಸಿ ಇನ್ನೊಮ್ಮೆ ಕೇಳಿದೆ; ಅದೇ ನವಿಲು. ಆ ನವಿಲು ಕೂಗಿದ್ದನ್ನು ಕೇಳಿದೆನೆಂದು ಸಾಕ್ಷಿ ಹೇಳಿ ನಾನೊಬ್ಬರ ಕೆಲಸ ಕಳೆದಿದ್ದೇನೆ.

ಅವರು ನನ್ನ ಅಕ್ಕನ ಗಂಡ. ಆಗ ಚಾಮರಾಜನಗರದ ಹತ್ತಿರ ಒಂದು ರೈಲ್ವೆ ಗೇಟಿನಲ್ಲಿ ಕಾವಲಿದ್ದರು. ರಜೆ ಸಿಕ್ಕಿದರೆ ಸಾಕು, ತೆರಕಣಾಂಬಿ ಮೇಲಿನ ಬಸ್ಸು ಹಿಡಿದು ಹೋಗಿ ಅವರ ಕೋಣೆಯಲ್ಲಿ ಕೂರುತ್ತಿದ್ದೆ. ಭಾವನಿಗೆ ಕೂಗಿನಲ್ಲೇ ಡ್ರೈವರ್ ಎಂಥವನೆಂದು ತಿಳಿಯುತ್ತಿತ್ತು. ಮುದ್ದೆ ಮುರಿಯುವ ಕೈ ನಿಲ್ಲಿಸಿ, “ಇವ್ನು ವೊಸಬ ಕಣ್ಲಾ, ಅಮುಕಾಕೆ ಎದರ್ತವ್ನೆ,” ಎನ್ನುತ್ತಿದ್ದರು. ನಾನೂ ಒಂದೆರಡು ಸಲ ಹೇಳಿದ್ದು ಸರಿಹೋಯಿತು. ಅಷ್ಟಕ್ಕೇ, ನನ್ನ ಕಿವಿಯಂಥ ಕಿವಿಯಿಲ್ಲ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಒಂದು ಮಧ್ಯಾಹ್ನ ಸ್ಟೇಷನ್ನಿನಿಂದ ಬರುವ ಫೋನು ಕೆಟ್ಟಿತ್ತು. ರೈಲು ಬರುವುದು ತಿಳಿಯಲು ಕೂಗೊಂದೇ ದಾರಿ. ನಾನು ಬೆಂಚಿಗೆ ಒರಗಿ, ಇಯರ್‌ಫೋನ್ ಸಿಕ್ಕಿಸಿಕೊಂಡು, ಇಂಟರ್‌ನೆಟ್ಟಿನಿಂದ ಇಳಿಸಿದ ರೈಲಿನ ಕೂಗುಗಳನ್ನು ಕೇಳುತ್ತ ತೂಕಡಿಸುತ್ತಿದ್ದೆ. ಗೇಟು ತೆರೆದೇ ಇತ್ತು; ಈರುಳ್ಳಿ ಟೆಂಪೊ ಒಂದು ಹಳಿ ದಾಟುತ್ತಿರುವಾಗ ರೈಲು ಬಂದು ಅದರ ಹಿಂಬದಿಗೆ ಬಡಿಯಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ.

ವಿಚಾರಣೆಯಲ್ಲಿ ಭಾವ, ರೈಲು ಕೂಗಲೇ ಇಲ್ಲ ಎಂದರು. ಡ್ರೈವರ್ ಕೂಗಿಸಿದೆ ಎಂದ. ಸಾಹೇಬರು ನನ್ನ ಕಡೆ ತಿರುಗಿದರು. ನಿದ್ದೆ ಹತ್ತಿತ್ತು ಎನ್ನಬಹುದಿತ್ತು. ಆದರೆ ಅಷ್ಟು ದೊಡ್ಡವರು ನನ್ನ ಕಿವಿಯನ್ನು ನೆಚ್ಚಿ ಕೇಳುತ್ತಿದ್ದರಲ್ಲ!

“ಕೂಗ್ತು ಸಾರ್. ಉದ್ದಕ್ಕೆ ಒಂದ್ಸಲ. ಕೊನೇಲಿ ಒಂದು ನವಿಲೂ ಕೂಗ್ತು.”

ನವಿಲಿನವರೆಗೂ ಹೇಳಿದವನನ್ನು ಯಾರು ತಾನೇ ನಂಬುವುದಿಲ್ಲ? ನಿಜ ಹೇಳಬೇಕೆಂದರೆ ಆಗಲೇ ಒಳಗೊಂದು ಅನುಮಾನವಿತ್ತು; ನುಂಗಿಕೊಂಡೆ. ಭಾವ ನನ್ನನ್ನೊಮ್ಮೆ ನೋಡಿ ತಲೆ ತಗ್ಗಿಸಿದರು. ಕೆಲಸ ಹೋಯಿತು. ಈಗ ಬೇಗೂರಿನಲ್ಲಿ ಒಂದು ಕಲ್ಯಾಣ ಮಂಟಪ ಕಾಯುತ್ತಾರೆ. ಜಗಳ ಬಂದಾಗಲೆಲ್ಲ ಅಕ್ಕ, “ನಿದ್ದೆ ಒಡ್ದು ಗೇಟ್ ಮರ್ತ್ರಿ. ನನ್ ತಮ್ಮ ಸುಳ್ ಯೋಳಾನಾ?” ಎಂದು ಚುಚ್ಚುತ್ತಿದ್ದಳು. ನಾನು ಪಕ್ಕದಲ್ಲೇ ಕೂತು ಉಂಡು ಬರುತ್ತಿದ್ದೆ.

ಸೋಮವಾರ ಬೇಗೂರಿಗೆ ಹೋದೆ. ಭಾವ ಜಗಲಿಯಲ್ಲಿದ್ದರು. ಮೊಬೈಲಿನಲ್ಲಿ ಆ ಕೂಗನ್ನು ನವಿಲಿನವರೆಗೂ ಕೇಳಿಸಿದೆ.

“ಭಾವ, ಆವತ್ತು ನಾನ್ ಕೇಳಿದ್ದು ಇದ್ನ. ನಿಜವಾದ್ ರೈಲ್ ಕೂಗಲ್ಲ.”

“ಗೊತ್ತು ಕಣ್ಲಾ. ನಿನ್ ಕಿವೀಲಿ ವೈರಿದ್ದುದ್ನ ನೋಡಿದ್ನಲ್ಲ.”

“ಮತ್ತೆ ಸಾಯೇಬ್ರ ಮುಂದೆ ಯಾಕ್ ಯೋಳ್ಲಿಲ್ಲ?”

“ನೀನೇ ಯೋಳ್ತೀಯ ಅಂತ ಕಾಯ್ತಿದ್ದೆ.”

ಈಗಲಾದರೂ ಇಲಾಖೆಗೆ ಬರೆದುಕೊಡುತ್ತೇನೆ ಎಂದೆ.

“ಯಾರ್ಗ್ ಬರೀತೀಯೆ? ಆ ಗೇಟೂ ಇಲ್ಲ, ಆ ಸಾಯೇಬ್ರೂ ಇಲ್ಲ, ಬುಡು. ಒಳಗವ್ಳೆ ನಿಮ್ಮಕ್ಕ. ಅವ್ಳಿಗ್ ಯೋಳೋಗು.”

ಹೇಳಿದೆ. ಅಕ್ಕ ಬೈಯಲಿಲ್ಲ, ಅಳಲಿಲ್ಲ.

“ನಾನ್ ಅವ್ರನ್ನ ಅನ್ನುವಾಗ ನೀನ್ ಇಲ್ಲೇ ಕೂತು ಉಣ್ತಿದ್ದಲ್ಲೋ,” ಎಂದಳು. ಆಮೇಲೆ ಭಾವನಿಗೆ ತಟ್ಟೆ ಇಟ್ಟು ಊಟಕ್ಕೆ ಕರೆದಳು.

ಅಲ್ಲಿಂದ ಬಂದು ನಾಲ್ಕು ದಿನವಾಯಿತು. ಎಂಜಿನ್ನಿನ ಹೊಟ್ಟೆ ಬಿಚ್ಚಿದ ಹಾಗೇ ಮೇಜಿನ ಮೇಲಿದೆ. ಈ ಕಿವಿಯನ್ನು ಈಗ ನಾನೇ ನಂಬುವುದಿಲ್ಲ. ನಾನು ಹೊಸಿಲು ದಾಟುವಾಗ ಅಕ್ಕ ನನ್ನನ್ನೂ ಊಟಕ್ಕೆ ಕರೆದಳೇನೋ, ನನಗೇ ಕೇಳಿಸಲಿಲ್ಲವೇನೋ ಎಂದು ಮತ್ತೆ ಮತ್ತೆ ಯೋಚಿಸುತ್ತೇನೆ.

ಇಲ್ಲ. ಕರೆಯಲಿಲ್ಲ.