ಅಮ್ಮನ ಪುಡಿ, ನನ್ನ ಮಾತ್ರೆ

ಕೋಳಿಮೊಟ್ಟೆಯ ಚಿಪ್ಪಿಗೆ ಪುಟ್ಟ ಕಿಂಡಿ ಕೊರೆದು, ಒಳಗಿನ ಭ್ರೂಣದಲ್ಲಿ ರೆಕ್ಕೆ ಮೂಡುವುದನ್ನು ನೋಡುವುದು ನನ್ನ ಕೆಲಸ. ನೀನು ಮೂಳೆಯಾಗು, ನೀನು ಚರ್ಮವಾಗು ಎಂದು ಜೀವಕೋಶಗಳು ಒಂದಕ್ಕೊಂದು ಸೂಚನೆ ಕೊಡುತ್ತವೆ. ಆ ಸೂಚನೆಯನ್ನು ನಾನು ತಡೆಯುತ್ತೇನೆ, ರೆಕ್ಕೆ ಮೋಟಾಗುತ್ತದೆ. ಸೇಲಂನ ನಮ್ಮ ಪ್ರಯೋಗಾಲಯಕ್ಕೆ ಒಮ್ಮೆ ಬಂದಿದ್ದ ಅಮ್ಮ ಕಿಂಡಿಯೊಳಗೆ ಇಣುಕಿ, ಮಿಡಿಯುತ್ತಿದ್ದ ಹೃದಯ ಕಂಡು ಮುಖ ತಿರುಗಿಸಿಕೊಂಡಳು.

ತಮ್ಮನ ಹೆಂಡತಿ ಬಸುರಿಯಾದ ಮೇಲೆ ಅಮ್ಮನಿಗೆ ನನ್ನ ಕೈಗಳೇ ಶತ್ರು. ಸಂಜೆ ಬಾಗಿಲಲ್ಲೇ ಅರಿಶಿನ ನೀರಿನ ಚೊಂಬು ಕಾದಿರುತ್ತಿತ್ತು.

"ಕೈ ತೊಳ್ಕಂಡು ಒಳಿಕ್ಕೆ ಬಾ. ಅವ್ಳ ಒಟ್ಟೆ ಮುಟ್ಬ್ಯಾಡ."

"ಯಾಕಮ್ಮಾ?"

"ಪಿಂಡ ಕೆಡ್ಸೋ ಕೈ ಅದು."

ಸಿಟ್ಟು ನೆತ್ತಿಗೇರುತ್ತಿತ್ತು. ಆದರೆ ನನಗೂ ಅಮ್ಮನ ಮೇಲೆ ಒಂದು ಕಣ್ಣಿತ್ತು. ಪಾಲಕೋಡಿನ ಯಾವನೋ ನಾಟಿ ಔಷಧಿಯವನಿಂದ ತರಿಸಿದ ಕಂದು ಪುಡಿಯನ್ನು ದಿನಾ ಬೆಳಿಗ್ಗೆ ಹಾಲಿಗೆ ಕದಡಿ ಸೊಸೆಯ ಕೈಗಿಡುತ್ತಿದ್ದಳು. ಅದರಲ್ಲಿ ಏನಿದೆ ಎಂದು ಕೇಳಿದೆ.

"ಬೇರು ಗೀರು. ಮಗಾ ಗಟ್ಟಿಯಾಯ್ತೈತೆ. ಉನಕ್ಕೆನ್ನ, ನಿಂಗ್ಯಾಕದು, ಸುಮ್ಕಿರು."

ಹೆಸರು ಹೇಳದ ಬೇರೆಂದರೆ ಯಾರಿಗೆ ಅನುಮಾನ ಬರುವುದಿಲ್ಲ? ಚಿಟಿಕೆ ಪುಡಿ ಕದ್ದೊಯ್ದು, ಕದಡಿ ಸೋಸಿ, ಕೆಲವು ಮೊಟ್ಟೆಗಳಿಗೆ ಹನಿಸಿದೆ. ಕೆಲವು ಭ್ರೂಣಗಳು ಸತ್ತವು. ಪುಡಿ ಸೋಕದ ಮೊಟ್ಟೆಗಳಲ್ಲೂ ಅಷ್ಟೇ ಸತ್ತವು. ಅಮ್ಮನ ಮೇಲೆ ತಪ್ಪು ಹೊರಿಸಲು ಏನೂ ಸಿಗಲಿಲ್ಲ, ನೆಮ್ಮದಿಯೂ ಸಿಗಲಿಲ್ಲ.

ಕೊನೆಗೆ ತಡೆಯಲಾರದೆ, ಅಮ್ಮ ಮಗ್ಗದ ಮುಂದೆ ಕೂತಿದ್ದಾಗ ತಮ್ಮನ ಹೆಂಡತಿಯನ್ನು ಹಿತ್ತಲಿಗೆ ಕರೆದು, ಆ ಪುಡಿ ಕುಡಿಯಬೇಡ ಎಂದೆ.

ಅವಳು ನಕ್ಕಳು. "ನಾನೆಲ್ಲಿ ಕುಡುದೆ ಅಕ್ಕಾ? ದಿನಾ ಬಚ್ಚಲಿಗೆ ಉಯ್ತೀನಿ."

ಎದೆಯ ಭಾರ ಇಳಿಯಿತು. "ಒಳ್ಳೇದು ಮಾಡ್ದೆ," ಎಂದೆ.

"ನೀವು ಕೊಟ್ಟ ಮಾತ್ರೆನೂ ನುಂಗ್ಲಿಲ್ಲ. ನೀವೂ ಮೊಟ್ಟೆಗೆ ಏನೇನೋ ಆಕ್ತೀರಂತಲ್ಲ. ಇಬ್ರ ಮ್ಯಾಲೂ ನಂಗೆ ಡೌಟು."

ಅವಳ ಮದುವೆಯಾದಾಗಿನಿಂದ ನಾನು ಕೊಡುತ್ತಿದ್ದದ್ದು ಫೋಲಿಕ್ ಆಸಿಡ್. ಮಗುವಿನ ಬೆನ್ನುಹುರಿಯ ಮೇಲೆ ಬೆನ್ನು ಸರಿಯಾಗಿ ಮುಚ್ಚಿಕೊಳ್ಳಲೆಂದು ಕೊಡುವ ಮಾತ್ರೆ ಅದು. ಅದು ಮುಚ್ಚುವುದು ಮೊದಲ ವಾರಗಳಲ್ಲೇ. ಆ ವಾರಗಳು ಆಗಲೇ ಕಳೆದುಹೋಗಿದ್ದವು. ಸ್ಕ್ಯಾನಿನ ದಿನದವರೆಗೂ ನನಗೆ ಅನ್ನ ಸೇರಲಿಲ್ಲ.

ಸ್ಕ್ಯಾನಿನಲ್ಲಿ ಬೆನ್ನು ಸರಿಯಾಗಿಯೇ ಮುಚ್ಚಿತ್ತು. "ನೋಡುದ್ಯಾ, ನನ್ ಪುಡಿ," ಎಂದಳು ಅಮ್ಮ. ತಮ್ಮನ ಹೆಂಡತಿ ನೆಲ ನೋಡಿದಳು. ಮಗು ನಮ್ಮಿಬ್ಬರ ಹಂಗೂ ಇಲ್ಲದೆ ಬೆಳೆದಿತ್ತು.