ಬಾಣಂತಿ ಕೋಣೆಯ ಕದ

ನನಗೆ ಮದುವೆ ಬೇಕಾಗಿರಲಿಲ್ಲ, ಕೆಲಸ ಬೇಕಾಗಿತ್ತು. ಜಗಳೂರಿನಲ್ಲಿ ಜವಳಿ ಅಂಗಡಿ ಇಟ್ಟಿದ್ದ ವಿಧುರನೊಬ್ಬ ನನ್ನನ್ನು ಕೇಳಿ ಕಳಿಸಿದ್ದ. ಹೊನ್ನಾಳಿಯ ನಮ್ಮ ಮನೆಯಲ್ಲಿ ಎಲ್ಲರೂ ಒಳಗೊಳಗೇ ಒಪ್ಪಿಯೂ ಆಗಿತ್ತು. ಅಪ್ಪ ಮಾತ್ರ ನನಗೊಂದು ಸಂದಿ ಬಿಟ್ಟಿದ್ದರು. ಮೈಸೂರಿನಲ್ಲಿ ನಾನು ಬಿ.ಎ. ಓದುತ್ತಲೇ ಪಿಯಾನೊ ಕಲಿಸುವವರ ದೊಡ್ಡ ಪರೀಕ್ಷೆಗೂ ಕಟ್ಟಿದ್ದೆ. ಲಂಡನ್ನಿನ ಪರೀಕ್ಷೆ ಅದು. ಎರಡನೆಯ ಯುದ್ಧ ಇನ್ನೂ ಶುರುವಾಗಿರದ ಕಾಲ, ಪರೀಕ್ಷಕರು ಹಡಗಿನಲ್ಲಿ ಬಂದು ಊರೂರು ತಿರುಗುತ್ತಿದ್ದರು. ಪಾಸಾದರೆ, ನಾನು ಚಿಕ್ಕಂದಿನಿಂದ ಓದಿದ ಕಾನ್ವೆಂಟಿನಲ್ಲೇ ಸಂಗೀತದ ಟೀಚರ್ ಕೆಲಸ ಕೊಡಿಸುವುದಾಗಿ ನನಗೆ ಕಲಿಸುತ್ತಿದ್ದ ಸಿಸ್ಟರ್ ಮಾತು ಕೊಟ್ಟಿದ್ದರು. "ಪಾಸಾದ್ರೆ ಮೈಸೂರು, ಫೇಲಾದ್ರೆ ಜಗಳೂರು. ಆಮೇಲೆ ಮಾತಿಲ್ಲ" ಎಂದು ಅಪ್ಪ ಅಂದಿದ್ದರು.

ಹೊನ್ನಾಳಿ ಹುಡುಗಿಗೆ ಪಿಯಾನೊ ಎಲ್ಲಿಂದ ಗಂಟುಬಿತ್ತು ಎಂದು ಕೇಳುವವರು ಈಗಲೂ ಇದ್ದಾರೆ. ಮೈಸೂರಿನಲ್ಲಿದ್ದ ಸೋದರಮಾವನಿಗೆ ಮಕ್ಕಳಿರಲಿಲ್ಲ, ನನ್ನನ್ನು ಕರೆದುಕೊಂಡು ಹೋಗಿ ಕಾನ್ವೆಂಟಿಗೆ ಹಾಕಿದರು. ಅಲ್ಲಿ ಆ ದೊಡ್ಡ ಕರಿ ಪೆಟ್ಟಿಗೆ ಇತ್ತು, ನಾನು ಅದನ್ನು ಬಿಡಲಿಲ್ಲ. ಅಷ್ಟೇ ಕತೆ. ಅಜ್ಜಿಯಂತೂ "ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂದು ಬಂದವರೆದುರಿಗೆಲ್ಲ ಹೇಳುತ್ತಿದ್ದಳು. ನಮ್ಮ ಮನೆಯಲ್ಲಿ ಹಿಟ್ಟಿಗೇನೂ ಕೊರತೆ ಇರಲಿಲ್ಲ. ಗಾದೆ ಬಾಯಿಗೆ ಬಂದರೆ ಅಜ್ಜಿ ನುಂಗುವವಳಲ್ಲ.

ಆ ಪರೀಕ್ಷೆಯಲ್ಲಿ ನಾವು ನುಡಿಸಿ ತೋರಿಸಿದರೆ ಸಾಲದು. ಪಿಯಾನೊ ಮುಟ್ಟಿಯೇ ಇಲ್ಲದ ಒಂದು ಮಗುವಿಗೆ ಮೊದಲಿನಿಂದ ನಾವೇ ಕಲಿಸಿ, ಅದನ್ನು ಕರೆತಂದು ಪರೀಕ್ಷಕರ ಎದುರು ಪಾಠ ಮಾಡಿ ತೋರಿಸಬೇಕು. ಮೈಸೂರಿನಲ್ಲಿ ಪಿಯಾನೊ ಇದ್ದ ಮನೆಗಳ ಮಕ್ಕಳಿಗೆಲ್ಲ ಕಲಿಸಲು ಆಗಲೇ ಒಬ್ಬೊಬ್ಬರು ಸಿಸ್ಟರ್ ಇದ್ದರು. ಹಲಗೆಯ ಮೇಲೆ ಪಿಯಾನೊದ ಮನೆಗಳನ್ನು ಬರೆದುಕೊಂಡಾದರೂ ಊರಿನ ಯಾವುದಾದರೂ ಮಗುವಿಗೆ ಬೆರಳು ಕೂರಿಸು, ಸದ್ದು ಆಮೇಲೆ ಬರುತ್ತದೆ ಎಂದು ಸಿಸ್ಟರ್ ಹೇಳಿಕೊಟ್ಟರು. ಹಾರ್ಮೋನಿಯಂಗೆ ಇದ್ದ ಹಾಗೆ ಪಿಯಾನೊದಲ್ಲೂ ಬೆರಳಿಡುವ ಬಿಳಿ, ಕಪ್ಪು ಪಟ್ಟಿಗಳನ್ನು ನಾವು ಮನೆಗಳೆಂದೇ ಕರೆಯುತ್ತಿದ್ದೆವು.

ದಸರಾ ರಜೆಗೆ ಊರಿಗೆ ಬಂದೆ. ಬಂದ ವಾರದಲ್ಲೇ ಇಲಿ ಬಿದ್ದವು. ಸೂರಿನಿಂದ ಇಲಿ ಸತ್ತು ಬಿದ್ದರೆ ಪ್ಲೇಗು ಬಂತೆಂದೇ ಅರ್ಥ. ಎರಡು ದಿನದೊಳಗೆ ಊರಿಗೆ ಊರೇ ಖಾಲಿಯಾಗಿ ನ್ಯಾಮತಿ ರಸ್ತೆಯ ಹೊಲಗಳಲ್ಲಿ ತಡಿಕೆಯ ಗುಡಿಸಲು ಕಟ್ಟಿಕೊಂಡು ಕೂತಿತು. ಸೂಜಿ ಹಾಕಿಸಿಕೊಂಡು ಗಡುವು ಮುಗಿಯುವವರೆಗೆ ಯಾರನ್ನೂ ಬಸ್ಸಿಗೆ ಹತ್ತಿಸುತ್ತಿರಲಿಲ್ಲ. ನನ್ನ ಕಾಲೇಜು ಅಲ್ಲಿ, ನಾನು ಇಲ್ಲಿ ಜೋಳದ ಕೂಳೆಯ ನಡುವೆ. ಸಿಟ್ಟಿನಿಂದ ಯಾರ ಹತ್ತಿರವೂ ನೆಟ್ಟಗೆ ಮಾತಾಡುತ್ತಿರಲಿಲ್ಲ.

ಊರಲ್ಲಿ ನಮ್ಮ ಪಕ್ಕದ ಮನೆ ಕಲಾಯಿ ಸಾಬರದು. ಪಾತ್ರೆಗೆ ತವರ ಬಳಿಯುವ ಕಸುಬು ಅವರದು. ತಡಿಕೆಯಲ್ಲೂ ಅವರೇ ಪಕ್ಕಕ್ಕೆ ಬಂದರು. ಅವರಿಗೊಬ್ಬಳು ಮಗಳು, ಹತ್ತರ ಆಸುಪಾಸು, ಹೆಚ್ಚು ಮಾತಿಲ್ಲದವಳು. ಬೆರಳುಗಳು ಮಾತ್ರ ಉದ್ದ. ಅವಳು ಹುಣಸೆಬೀಜ ಆಡುವಾಗ ಆ ಬೆರಳು ನೋಡಿ ನನ್ನ ಸಿಟ್ಟು ಇಳಿಯಿತು. ಸಾಬರ ಅಕ್ಕ ಮೈಸೂರಿನಲ್ಲಿದ್ದಳು, ಅವಳ ಮನೆಯ ಮದುವೆಗೆ ಇವರು ಹೇಗೂ ಬರುವವರಿದ್ದರು. ಹುಡುಗಿಗೆ ಕಲಿಸಲೇ ಎಂದು ಸಾಬರನ್ನು ಕೇಳಿದೆ. "ಕಲೀಲಿ ತಾಯಿ, ಇಲ್ಲಿ ಕುಂತು ಮಾಡೋದೇನೈತೆ" ಎಂದರು.

ಹಲಗೆ ಬೇಕಲ್ಲ. ಹೊಲದಲ್ಲಿ ಹಲಗೆ ಎಲ್ಲಿಂದ ಬರಬೇಕು? ಸಾಬರು ಖಾಲಿ ಊರನ್ನು ಹಗಲು ಕಾಯುವವರಲ್ಲಿ ಒಬ್ಬರಾಗಿದ್ದರು. ಒಂದು ಮಧ್ಯಾಹ್ನ ಅವರ ಜೊತೆ ನಾನೂ ಊರೊಳಗೆ ಹೋದೆ.

ಹುಟ್ಟಿದ ಊರು ಹಾಗಿರುತ್ತದೆ ಎಂದು ನಾನು ಎಣಿಸಿರಲಿಲ್ಲ. ಬೀದಿಯಲ್ಲಿ ನಾಯಿ ಕೂಡ ಇಲ್ಲ. ಬಾಗಿಲುಗಳ ಮೇಲೆಲ್ಲ ಸುಣ್ಣದ ಗುರುತು. ತುಂಗಭದ್ರೆ ಹರಿಯುವ ಸದ್ದು ಪೇಟೆ ಬೀದಿಯವರೆಗೆ ಕೇಳುತ್ತಿತ್ತು, ಹಿಂದೆ ಯಾವತ್ತೂ ಅಲ್ಲಿ ಕೇಳಿರಲಿಲ್ಲ. ಬಿಸಿಲು ಬೀಳಲಿ ಎಂದು ಮನೆಮನೆಯ ಹೆಂಚು ತೆಗೆಸಿದ್ದರು. ನಮ್ಮ ಮನೆಯ ಬೀಗ ತೆಗೆದು ಒಳಗೆ ಹೋದರೆ ನಡುಮನೆಯ ನೆಲದ ಮೇಲೆ ಬಿಸಿಲು ಬಿದ್ದಿತ್ತು. ನಮ್ಮ ನಡುಮನೆ ಬಿಸಿಲು ಕಂಡದ್ದೇ ಇಲ್ಲ. ಯಾರದೋ ಮನೆಗೆ ಹೇಳದೆ ಕೇಳದೆ ನುಗ್ಗಿದಂತೆ ನನಗೆ ಹೆದರಿಕೆಯಾಯಿತು.

ಉಳಿದ ಕದಗಳೆಲ್ಲ ಎತ್ತಲಾಗದಷ್ಟು ಭಾರ. ಒಳಗಿನ ಬಾಣಂತಿ ಕೋಣೆಯದು ಮಾತ್ರ ಒಂಟಿ ಕದ, ಹಗುರ, ನುಣುಪು. ಅದನ್ನು ಬಿಚ್ಚಿಕೊಡಿ ಎಂದೆ. ಸಾಬರು ಕದ ಮುಟ್ಟಲಿಲ್ಲ.

"ಅದು ಬ್ಯಾಡ ತಾಯಿ. ಬ್ಯಾರೆ ಯಾವ್ದಾರ ನೋಡೋಣ್ರಿ."

"ಬೇರೆ ಯಾವುದಿದೆ? ಹೆಬ್ಬಾಗಿಲು ಹೊತ್ಕೊಂಡು ಬರ್ತೀರಾ?"

ನನ್ನ ಬಾಯಿಗೆ ಎದುರಾಡಲು ಅವರಿಗೆ ಮನಸ್ಸಿರಲಿಲ್ಲ. ಏನೋ ಗೊಣಗಿಕೊಂಡು ಕದ ಬಿಚ್ಚಿ ಹೆಗಲಿಗೇರಿಸಿದರು. ಹೊರಡುವಾಗ ತಿರುಗಿ ನೋಡಿದೆ. ಕದ ಇಲ್ಲದ ಆ ಕೋಣೆಯೊಳಗೆ ಮಾತ್ರ ಬಿಸಿಲು ಬಿದ್ದಿರಲಿಲ್ಲ. ಮೇಲೆ ಅಟ್ಟ ಇದ್ದುದರಿಂದ ಬೀಳಲಿಲ್ಲ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ತಡಿಕೆಗೆ ಕದ ಬಂದಾಗ ಅಜ್ಜಿ ಬೈಯುತ್ತಾಳೆಂದುಕೊಂಡಿದ್ದೆ. ಅವಳು ಬೈಯಲಿಲ್ಲ. ಕದದ ಮೇಲೆ ಅಂಗೈ ಇಟ್ಟಳು.

"ತಂದಿದ್ದು ತಂದೆ, ಹೋಗ್ಲಿ ಬಿಡು. ಒಳಗಿಂದ ತಟ್ಟಿದ್ರೆ ತಿರುಗಿ ತಟ್ಟು. ಸುಮ್ನೆ ಕುಂದರಬ್ಯಾಡ."

ಇದು ನಮ್ಮ ಮನೆಯ ಪದ್ಧತಿ. ಬಾಣಂತಿ ಕೂಗಬಾರದು, ಗಾಳಿ ಸೇರುತ್ತದೆ ಎಂದು. ನೀರೋ ಕೆಂಡವೋ ಬೇಕಾದರೆ ಅವಳು ಒಳಗಿನಿಂದ ಕದ ತಟ್ಟಬೇಕು, ಕೇಳಿಸಿತು ಎನ್ನುವುದಕ್ಕೆ ಹೊರಗಿದ್ದವರು ತಿರುಗಿ ತಟ್ಟಬೇಕು. ತಟ್ಟದಿದ್ದರೆ ಬಾಣಂತಿ ಹೆದರುತ್ತಾಳೆ, ಹಾಲು ಇಂಗುತ್ತದೆ ಎನ್ನುತ್ತಿದ್ದರು. ಹೊಲದ ನಡುವೆ ಅಂಗಾತ ಮಲಗಿಸಿದ ಕದಕ್ಕೆ ಒಳಗೆ ಯಾವುದು, ಹೊರಗೆ ಯಾವುದು ಎಂದು ನಾನು ನಕ್ಕೆ.

ಸುಣ್ಣದಲ್ಲಿ ಬಿಳಿ ಮನೆ, ಇದ್ದಿಲಿನಲ್ಲಿ ಕಪ್ಪು ಮನೆ ಬರೆದೆ. ಕದವನ್ನು ಕಲ್ಲಿನ ಮೇಲೆ ಏರಿಸಿ ಪಾಠ ಶುರು ಮಾಡಿದೆ. ನಾನು ಬಾಯಲ್ಲಿ ಸ್ವರ ಹೇಳುವುದು, ಅವಳು ಬೆರಳಲ್ಲಿ ಒತ್ತುವುದು. ಹುಡುಗಿ ಬೇಗ ಹಿಡಿದಳು. ಸಣ್ಣ ಮಕ್ಕಳ ಒಂದು ಪಾಠ, ನಾಲ್ಕು ಸಾಲಿನದು, ಕೆಲವೇ ದಿನಗಳಲ್ಲಿ ಬೆರಳಿಗೆ ಬಂತು. ಒಂದೇ ತಂಟೆ. ಪ್ರತಿ ಸಾಲು ಮುಗಿದ ಮೇಲೂ ಕೈ ಎತ್ತಿ ಸುಮ್ಮನೆ ಕೂರುವಳು. ಲಯ ಹೋಯಿತಲ್ಲ, ಅಲ್ಲಿ ನಿಲ್ಲಬಾರದು ಎಂದು ಎಷ್ಟು ಹೇಳಿದರೂ ನಿಲ್ಲುವಳು.

"ಯಾಕೆ ನಿಲ್ಸ್ತೀಯೆ?"

"ಅವ್ರು ಬಾರ್ಸಾಕೆ ಹತ್ಯಾರೆ ಅಕ್ಕ. ಮುಗೀಲಿ."

"ಯಾರು?"

ಅವಳು ಕದದ ಕಡೆ ಗಲ್ಲ ಆಡಿಸಿದಳು. "ಅತ್ತಾಗಿಂದ. ನಾ ಬಾರ್ಸಿದ ಮ್ಯಾಗೆ ಅವ್ರು ಬಾರಿಸ್ತಾರೆ."

"ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ" ಎಂದು ಬೈದೆ. ಅವಳು ಸಾಲು ಮುಗಿಸಿ ಮತ್ತೆ ಕೈ ಎತ್ತಿ ಕೂತಳು. ಅವಳ ತಲೆ ಒಂದು ಕಡೆ ವಾಲಿತ್ತು. ಪಕ್ಕದ ಕೋಣೆಯ ಮಾತು ಕೇಳುವಾಗ ನಾವು ವಾಲುತ್ತೇವಲ್ಲ, ಹಾಗೆ.

ನಾನು ಕದಕ್ಕೆ ಕಿವಿ ಇಟ್ಟು ನೋಡಿದೆ. ಏನೂ ಇಲ್ಲ. ಬಿಸಿಲಿಗೆ ಕಾದ ಮರದ ವಾಸನೆ, ಅಷ್ಟೆ. ಕದ ಎತ್ತಿಸಿ ಕೆಳಗೆ ನೋಡಿದೆ, ಕಲ್ಲು, ಕೂಳೆ, ಇರುವೆ. ಹುಡುಗಿ ನನ್ನನ್ನು ಕನಿಕರದಿಂದ ನೋಡುತ್ತಿದ್ದಳು. ಅದು ನನ್ನನ್ನು ಇನ್ನಷ್ಟು ಉರಿಸಿತು. ಆದರೆ ಒಂದು ವಿಷಯ ನನಗೂ ಗೊತ್ತಾಗತೊಡಗಿತು. ಅವಳ ಬಿಡುವುಗಳು ಅಡ್ಡಾದಿಡ್ಡಿ ಇರಲಿಲ್ಲ. ಮೊದಲ ಸಾಲಿನ ನಂತರದ ಬಿಡುವು ಚಿಕ್ಕದು, ಎರಡನೆಯದು ಉದ್ದ, ದಿನವೂ ಅದೇ ಅಳತೆ. ಮೂರನೆಯ ಸಾಲಿನ ನಂತರ ಮಾತ್ರ ಅವಳು ತಟಕ್ಕನೆ ಮುಖ ಎತ್ತುವಳು. ಕೇಳಿದರೆ, "ಅರ್ಧಕ್ಕೆ ಬಿಟ್ಟುಬಿಡ್ತಾರೆ" ಎನ್ನುವಳು. ನಾಲ್ಕನೆಯ ಸಾಲನ್ನು ಬಿಡಿಯಾಗಿ ನುಡಿಸಿದರೂ, ಮೂರರ ಬೆನ್ನಿಗೆ ಅದಕ್ಕೆ ಅವಳು ಯಾವತ್ತೂ ಹೋಗಲೇ ಇಲ್ಲ.

ನನಗೆ ಜಗಳೂರಿನ ಜವಳಿ ಅಂಗಡಿ ಕಣ್ಣೆದುರು ಬಂತು. ಮೂರು ಸಾಲು ನುಡಿಸಿ ಕೈಕಟ್ಟಿ ಕೂರುವ ಮಗುವನ್ನು ಕಟ್ಟಿಕೊಂಡು ಯಾವ ಪರೀಕ್ಷೆ ಪಾಸಾಗಲಿ? ಅಜ್ಜಿಯ ಹತ್ತಿರ ಹೋಗಿ, ಆ ಕೋಣೆಯ ಕತೆ ಏನು ಎಂದು ನೇರವಾಗಿ ಕೇಳಿದೆ.

ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ ಇದ್ದವಳು ಕೈ ನಿಲ್ಲಿಸಿದಳು. "ನಿಮ್ ದೊಡ್ಡತ್ತೆ ಹಡೆದಿದ್ಲು, ಆ ಕೋಣ್ಯಾಗೆ. ನೀನಿನ್ನಾ ಹುಟ್ಟಿರ್ಲಿಲ್ಲ. ಇಲಿ ಬಿದ್ವು. ಎಲ್ರೂ ಹೊಲಕ್ಕೆ ಬಂದ್ರು. ಬಾಣಂತಿನ ನಡೆಸ್ಕೊಂಡು ಹೋಗಾಕಾಗ್ತದಾ? ನಾನು ಗಾಡಿ ಕಟ್ಟಿಸ್ಕೊಂಡು ಬರಾಕೆ ಹೋದೆ. ಗಾಡಿ ಸಿಗಾಕೆ ಸಂಜಿ ಆತು."

"ಆಮೇಲೆ?"

"ಪಕ್ಕದ ಮನಿ ಸಾಬರ ತಾಯಿ ಗಂಟು ಕಟ್ತಾ ಇದ್ಲಂತೆ. ತಟ್ಟೋದು ಕೇಳಿಸ್ತಿತ್ತಂತೆ. ಒಳಗೆ ನಾನು ಅದೀನಿ ಅಂದ್ಕಂಡ್ಲು ಆಕಿ. ನಿಮ್ ದೊಡ್ಡತ್ತೆ ಬಾಳ ಹೊತ್ತು ತಟ್ಟಿದ್ಲಂತೆ ಕಣೇ. ತಟ್ಟೋದು, ನಿಲ್ಸೋದು, ತಟ್ಟೋದು. ಕೊನಿಗೆ ಅರ್ಧಕ್ಕೇ ನಿಲ್ತಂತೆ."

ಅಜ್ಜಿ ಅಷ್ಟು ಹೇಳಿ ಎಲೆ ಬಾಯಿಗೆ ಹಾಕಿಕೊಂಡಳು. ಕೂಸು ಏನಾಯಿತು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಆವತ್ತೇ ಕದವನ್ನು ತಡಿಕೆಯ ಹಿಂದಕ್ಕೆ ಒರಗಿಸಿದೆ. ಮರುದಿನ ಪಾಠಕ್ಕೆ ಬಂದ ಹುಡುಗಿಗೆ, ಬೆರಳಿಗೆ ಬಂದಾಗಿದೆ, ಇನ್ನು ಮೈಸೂರಿನಲ್ಲೇ ಎಂದು ಸುಳ್ಳು ಹೇಳಿ ಕಳಿಸಿದೆ.

ಗಡುವು ಮುಗಿದು ನಾನು ಕಾಲೇಜಿಗೆ ಹೋದೆ. ಚಳಿ ಕಳೆಯುವ ಹೊತ್ತಿಗೆ ಪರೀಕ್ಷೆಯ ದಿನ ಬಂತು. ಕಲಾಯಿ ಸಾಬರು ಮಾತು ಉಳಿಸಿಕೊಂಡು ಮಗಳನ್ನು ಕರೆತಂದರು. ಹಿಂದಿನ ಎರಡು ದಿನ ಕಾನ್ವೆಂಟಿನ ಪಿಯಾನೊ ಮೇಲೆ ಅವಳ ಕೈ ಇರಿಸಿ ಅಭ್ಯಾಸ ಮಾಡಿಸಿದೆ. ಸದ್ದು ಬಂದಾಗ ಅವಳು ಹೆದರಲಿಲ್ಲ, ಖುಷಿಯೂ ಪಡಲಿಲ್ಲ. ಸಾಲು ಮುಗಿದಾಗ ಕೈ ಎತ್ತಿದಳು, ಕಾದಳು, ಆಮೇಲೆ ಮುಂದುವರಿದಳು. ಮೂರನೆಯ ಸಾಲಿಗೆ ನಿಂತಳು. ಗದರಿದೆ, ರಮಿಸಿದೆ, ಬೆಲ್ಲ ಕೊಟ್ಟೆ. ಊಹೂಂ. ನಾಲ್ಕನೆಯ ಸಾಲಿಗೆ ಹೆಜ್ಜೆ ಇಡಲಿಲ್ಲ.

ಪರೀಕ್ಷಕರು ಬಿಳಿ ಗಡ್ಡದ ಇಂಗ್ಲೆಂಡಿನವರು. ಬೆಳಗಿನ ಬಿಸಿಲು ಕಿಟಕಿಯಿಂದ ಪಿಯಾನೊ ಮೇಲೆ ಬಿದ್ದಿತ್ತು. ನಾನು ನುಡಿಸಿದ್ದು ಅವರಿಗೆ ಹಿಡಿಸಿದಂತೆ ಕಂಡಿತು. ಈಗ ನಿಮ್ಮ ಶಿಷ್ಯೆ ನುಡಿಸಲಿ, ನೀವು ಪಾಠ ಮಾಡಿ ಎಂದರು.

ಹುಡುಗಿ ಮೊದಲ ಸಾಲು ನುಡಿಸಿದಳು. ಕೈ ಎತ್ತಿದಳು. ಪರೀಕ್ಷಕರು ನನ್ನ ಮುಖ ನೋಡಿದರು. ಎರಡನೆಯ ಸಾಲು. ಮತ್ತೆ ಬಿಡುವು, ಉದ್ದದ ಬಿಡುವು. ಅವರ ಪೆನ್ಸಿಲ್ ಹಾಳೆಗೆ ಇಳಿಯಿತು. ಹುಡುಗಿ ಮೂರನೆಯ ಸಾಲು ಹಿಡಿಯಲಿಲ್ಲ. ನನ್ನತ್ತ ತಿರುಗಿ ಮೆಲ್ಲಗೆ ಅಂದಳು:

"ಇದ್ರಾಗೆ ಯಾರೂ ಇಲ್ಲಕ್ಕ."

ಮಗು ಏನು ಹೇಳುತ್ತಿದೆ ಎಂದು ಪರೀಕ್ಷಕರು ಕೇಳಿದರು. ಮುಗಿಯಿತು, ಜಗಳೂರೇ ಗತಿ ಎಂದುಕೊಂಡೆ. ಏನಾದರೊಂದು ಮಾಡಲೇಬೇಕಿತ್ತು. ಹೋಗಿ ಅವಳ ಎಡಕ್ಕೆ ಕೂತೆ. "ಮೊದಲಿನಿಂದ ಬಾರಿಸು" ಎಂದೆ.

ಅವಳು ಮೊದಲ ಸಾಲು ನುಡಿಸಿ ಕೈ ಎತ್ತಿದಳು. ನಾನು ಎಡಗೈಯನ್ನು ಕೆಳಗಿನ ಮನೆಗಳ ಮೇಲೆ ಇಟ್ಟೆ. ಅದೊಂದೇ ನಾನು ಮಾಡಿದ್ದು ಎಂದು ಆಣೆ ಇಟ್ಟು ಹೇಳುತ್ತೇನೆ. ಕೈ ತಾನೇ ಹೋಯಿತು. ಚಿಕ್ಕದೊಂದು ಉತ್ತರ, ಒಂದೇ ಮನೆಯನ್ನು ಮತ್ತೆ ಮತ್ತೆ ಮುಟ್ಟಿ ಪಕ್ಕಕ್ಕೆ ಸರಿಯುವಂಥದ್ದು. ಎರಡನೆಯ ಸಾಲಿಗೆ ಉದ್ದದ ಉತ್ತರ. ಮೂರನೆಯದಕ್ಕೆ ಕೈ ನಡುವೆ ತಡೆಯಿತು, ಹುಡುಗಿ ಉಸಿರು ಹಿಡಿದಳು, ನಾನೂ ಹಿಡಿದೆ, ಆಮೇಲೆ ಅದು ಕೊನೆಯವರೆಗೂ ಹೋಗಿ ಮುಗಿಯಿತು. ಹುಡುಗಿ ನಾಲ್ಕನೆಯ ಸಾಲು ಒಂದು ತಪ್ಪಿಲ್ಲದೆ ನುಡಿಸಿದಳು.

ಪರೀಕ್ಷಕರು ಪೆನ್ಸಿಲ್ ಕೆಳಗಿಟ್ಟು ನಕ್ಕರು. ಮಗುವಿಗೆ ಕಾಯುವುದನ್ನು ಕಲಿಸಿ ಆಮೇಲೆ ಜೊತೆಗೂಡುವ ಈ ಕ್ರಮ ತಾವು ಎಲ್ಲೂ ಕಂಡಿಲ್ಲ ಎಂದರು. ಆ ಕೆಳಗಿನ ಭಾಗ ಬಹಳ ಚೆನ್ನಾಗಿದೆ, ಇನ್ನೊಮ್ಮೆ ನುಡಿಸಿ ಎಂದರು. ನುಡಿಸಲು ಹೋದೆ. ಒಂದು ಸ್ವರವೂ ನೆನಪಿರಲಿಲ್ಲ. ಹೊಳೆದಂತೆ ನುಡಿಸಿದೆ, ಮರೆತುಹೋಯಿತು ಎಂದೆ. ಅದಕ್ಕೂ ಅವರು ಮೆಚ್ಚಿ ತಲೆಯಾಡಿಸಿದರು. ಬಾಗಿಲಲ್ಲಿ ನಿಂತಿದ್ದ ಸಿಸ್ಟರ್ ಕಣ್ಣಲ್ಲೇ ನನಗೆ, ಆಯಿತು, ಕೆಲಸ ನಿನ್ನದು ಎಂದರು.

ಹೊರಗೆ ಮೆಟ್ಟಿಲ ಮೇಲೆ ಕಲಾಯಿ ಸಾಬರು ಕಾಯುತ್ತಿದ್ದರು. ನನಗೆ ನಿಲ್ಲಲಾರದಷ್ಟು ಸಂತೋಷ. ಹುಡುಗಿಯ ಕೆನ್ನೆ ಹಿಂಡಿ, ಏನು ಬೇಕು ಕೇಳು ಕೊಡಿಸುತ್ತೇನೆ ಎಂದೆ. ಅವಳು ಮುಖ ಊದಿಸಿಕೊಂಡಿದ್ದಳು.

"ನಿಮಗೂ ಕೇಳಿಸ್ತಿತ್ತು ಹೌದಲ್ಲ ಅಕ್ಕ? ಅವ್ರು ಬಾರಿಸ್ತಿದ್ದಂಗೇ ಬಾರ್ಸಿದ್ರಿ. ಅಷ್ಟೂ ಗೊತ್ತಿದ್ದು ನನ್ನ ಯಾಕ್ ಬೈದ್ರಿ?"

ನಾನು ಎಡಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡೆ.